ಅಂಗಳಕ್ಕೊಂದು ಟೇಬಲ್ಲು, ಪೆನ್ಸಿಲ್ ದಪ್ಪದ ಸಂದು

ಅಮ್ಮಂಗೆ ನೆಲದ ಮೇಲೆ ಕೂರಬೇಡಿ ಅಂತ ಡಾಕ್ಟ್ರು ಹೇಳಿ ಎರಡು ವರ್ಷ ಆಯ್ತು. ಹೇಳಿದ್ದು ಡಾಕ್ಟ್ರು, ಕೇಳಿಸ್ಕೊಂಡಿದ್ದು ನಾನು, ಅಮ್ಮ ಆ ಹೊತ್ತಲ್ಲಿ ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ಇದ್ರು. ಹೋದ್ವರ್ಷ ಏಪ್ರಿಲ್ಲಲ್ಲಿ ಹಲಸಿನ ಹಪ್ಪಳದ ಸೀಸನ್ನು, ಅಂಗಳದಲ್ಲಿ ಚಾಪೆ ಹಾಸ್ಕೊಂಡು ಮಣೆ ಇಟ್ಕೊಂಡು ಬೆಳಗ್ಗೆಯಿಂದ ನೂರೈವತ್ತು ಹಪ್ಪಳ ಒತ್ತಿದ್ರು, ಆಮೇಲೆ ಏಳೋಕೆ ಹೋದ್ರೆ ಏಳಕ್ಕಾಗ್ತಿಲ್ಲ. ನಾನು ಒಳಗೆ ಮೀಟಿಂಗಲ್ಲಿ, ಇಯರ್‌ಫೋನ್ ಹಾಕ್ಕೊಂಡಿದ್ದೆ, ಕರೆದಿದ್ದು ಕೇಳಿಸ್ಲಿಲ್ಲ. ಹೊರಗೆ ಬಂದು ನೋಡಿದಾಗ ಹಾಗೇ ಕೂತು ಕಾಗೆ ಓಡಿಸ್ತಾ ಇದ್ರು, ಏನೂ ಆಗೇ ಇಲ್ಲ ಅನ್ನೋ ಹಾಗೆ. ಎಷ್ಟೊತ್ತಿಂದ ಕೂತಿದೀರಿ ಅಂದ್ರೆ "ಈಗಷ್ಟೇ ಮುಗೀತು" ಅಂದ್ರು. ಸುಳ್ಳು. ಹಪ್ಪಳದ ಮೊದಲ ಸಾಲು ಆಗ್ಲೇ ಒಂದು ಮಗ್ಗುಲು ಒಣಗಿ ಅಂಚು ಎದ್ದಿತ್ತು.

ಟೇಬಲ್ ವಿಷ್ಯ ಶುರುವಾಗಿದ್ದು ಅವತ್ತು.

ಕೊಂಡ್ಕೊಂಡು ಬಂದ್ರಾಗ್ತಿರ್ಲಿಲ್ವಾ ಅಂತ ಎಲ್ರೂ ಕೇಳ್ತಾರೆ. ಪೇಟೆಯಲ್ಲಿ ಸಿಗೋದು ಪ್ಲಾಸ್ಟಿಕ್ ಟೇಬಲ್ಲು, ಅದರ ಮೇಲೆ ಹಪ್ಪಳ ಒತ್ತಿದ್ರೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗ್ತವೆ. ಆನ್‌ಲೈನಲ್ಲಿ ನೋಡಿದ್ರೆ ಸಾಗುವಾನಿ ಗಾರ್ಡನ್ ಸೆಟ್ಟು ಅಂತ ಇರೋದೆಲ್ಲ ಕಾಫಿ ಕುಡೀತಾ ಫೋಟೋ ತೆಗೆಸ್ಕೊಳ್ಳೋರಿಗೆ, ರೇಟು ನೋಡಿದ್ಮೇಲೆ ಕಾಫಿನೂ ಇಳಿಯಲ್ಲ. ಇನ್ನೊಂದು ವಿಷ್ಯ, ಮಲೆನಾಡಿನ ಮನೆಗಳಲ್ಲಿ ಅಂಗಳಕ್ಕೆ ಟೇಬಲ್ ಅನ್ನೋ ಕಲ್ಪನೆನೇ ಇರ್ಲಿಲ್ಲ ನೋಡಿ. ಜಗಲಿ ಇದೆ, ತುಳಸಿಕಟ್ಟೆ ಇದೆ, ಮಣೆ, ಮೆಟ್ಟುಕತ್ತಿ, ಒರಳು, ಎಲ್ಲಾ ನೆಲಕ್ಕೆ ಅಂಟ್ಕೊಂಡಿರೋವೇ. ಅಡಿಕೆ ಸುಲಿಯೋದು, ಮೆಣಸು ಬಿಡಿಸೋದು, ಹಪ್ಪಳ, ಸಂಡಿಗೆ, ಎಲ್ಲದಕ್ಕೂ ಕೂರಬೇಕು. ಮಂಡಿ ಗಟ್ಟಿ ಇರೋವರೆಗೆ ಅದಕ್ಕಿಂತ ಒಳ್ಳೆ ವ್ಯವಸ್ಥೆ ಇಲ್ಲ. ಮಂಡಿ ಹೋಯ್ತು ಅಂದ್ರೆ ಇಡೀ ಅಂಗಳವೇ ಕೈಗೆ ಸಿಗದ ಹಾಗೆ ಕೆಳಗೆ ಹೋಗ್ಬಿಡುತ್ತೆ.

ಮರ ಮನೇಲೇ ಇತ್ತು. ಮೂರು ಮಳೆಗಾಲದ ಹಿಂದೆ ಬೇಲಿ ಅಂಚಲ್ಲಿದ್ದ ಅಕೇಶಿಯಾ ಒಂದು ಗಾಳಿಗೆ ಬುಡಸಮೇತ ಮಲಗಿತ್ತು. ಅಕೇಶಿಯಾ ಅಂದ್ರೆ ನಮ್ಮ ಕಡೆ ಹೆಚ್ಚುಕಮ್ಮಿ ಬೈಗುಳ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಮರ, ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಮಲೆನಾಡು ಕರಾವಳಿಯ ಗುಡ್ಡಗಳಲ್ಲೆಲ್ಲ ಸಾಲುಸಾಲು ನೆಟ್ರು, ಈಗ ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಸೊಪ್ಪಿಲ್ಲ, ಬುಡದಲ್ಲಿ ಹುಲ್ಲೂ ಹುಟ್ಟಲ್ಲ ಅಂತ ಎಲ್ರೂ ಬೈತಾರೆ, ನಾನೂ ಬೈತೀನಿ. ಆದ್ರೆ ಮರದ ಕೆಲಸಕ್ಕೆ ಅಂತ ನೋಡಿದ್ರೆ ಅದು ಬೈಸ್ಕೊಳ್ಳೋ ಅಂಥ ಮರ ಅಲ್ಲ. ಚೇಗು, ಅಂದ್ರೆ ಮರದ ಒಳಭಾಗ, ಗಟ್ಟಿ, ಬಣ್ಣ ಜೋನಿಬೆಲ್ಲದ ಹಾಗೆ, ಭಾರ ಅಂತೂ ಕೇಳ್ಬೇಡಿ. ಸಿಲ್ವರ್ ಓಕ್ ಹಲಗೆನೂ ಒಂದಷ್ಟಿತ್ತು, ಕಾಫಿ ತೋಟದ ನೆಂಟರ ಮನೆಯಿಂದ ಬಂದಿದ್ದು, ನೋಡೋಕೆ ಚಂದ, ಕೀಸೋಕೂ ಸುಲಭ, ಆದ್ರೆ ಅದನ್ನ ಹೊರಗಿಟ್ರೆ ಎರಡು ಮಳೆಗಾಲ ದಾಟೋದು ಕಷ್ಟ. ಅಮ್ಮನ ಆಸೆ ಹಲಸಿನ ಮರದ್ದಾಗ್ಲಿ ಅಂತ ಇತ್ತು, ಹಾಗಂತ ಕಾಯಿ ಬಿಡೋ ಹಲಸು ಕಡಿಯೋಕೆ ಅಮ್ಮನೇ ಬಿಡಲ್ಲ. ಹಾಗಾಗಿ ಅಕೇಶಿಯಾ.

ಮರ ಬಿದ್ದ ವರ್ಷವೇ ಸಾಮಿಲ್ಲಿಗೆ ಕಳಿಸಿ ಒಂದೂಕಾಲು ಇಂಚಿನ ಹಲಗೆ, ಮೂರಿಂಚಿನ ಚೌಕದ ತುಂಡು ಅಂತ ಸೀಳಿಸಿಟ್ಟಿದ್ವಿ. ಸಾಮಿಲ್ಲಲ್ಲಿ ಎಲ್ಲಾ ಸಿಎಫ್‌ಟಿ, ಅಂದ್ರೆ ಘನ ಅಡಿ ಲೆಕ್ಕ. ಮೊದಲ ಸಲ ಹೋದೋರಿಗೆ ತಲೆ ತಿರುಗುತ್ತೆ, ನಿಜವಾಗಿ ತುಂಬಾ ಸರಳ, ಉದ್ದ ಅಡಿಯಲ್ಲಿ, ಅಗಲ ದಪ್ಪ ಇಂಚಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದ್ರೆ ಮುಗೀತು. ನನ್ನ ಟೇಬಲ್ಲಿನ ಒಂದು ಹಲಗೆ 5 ಅಡಿ ಉದ್ದ, 4.5 ಇಂಚು ಅಗಲ, 1.25 ಇಂಚು ದಪ್ಪ, ಅಂದ್ರೆ 0.2 ಸಿಎಫ್‌ಟಿಗೆ ಒಂಚೂರು ಕಮ್ಮಿ. ಅಂಥವು ಆರು, ಕಾಲು, ಪಟ್ಟಿ ಎಲ್ಲಾ ಸೇರಿ ಎರಡು ಚಿಲ್ಲರೆ, ವೇಸ್ಟು ಸೇರಿಸಿದ್ರೆ ಮೂರು. ಸೀಳಿಸ್ಕೊಂಡು ಬಂದ ಹಲಗೆನ ಅಟ್ಟದ ಮೇಲೆ ಒಂದರ ಮೇಲೊಂದು ಇಟ್ಟು ಮಧ್ಯ ಮಧ್ಯ ರೀಪಿನ ತುಂಡು ಕೊಟ್ಟು ಗಾಳಿ ಆಡೋ ಹಾಗೆ ಬಿಟ್ಟಿದ್ವಿ. ಇಂಚಿಗೊಂದು ವರ್ಷ ಅಂತ ಬಡಗಿಗಳ ಲೆಕ್ಕ. ನಾವು ಬೇಕು ಅಂತ ಕಾದಿದ್ದಲ್ಲ, ಮರ್ತು ಬಿಟ್ಟಿದ್ವಿ, ಮರೆವಿಂದ ಆದ ಒಳ್ಳೆ ಕೆಲಸ ಅಂದ್ರೆ ಅದೊಂದೇ.

ನಮ್ಮೂರಿನ ಬಡಗಿ ಆಚಾರ್ರಿಗೆ ವಿಷ್ಯ ಗೊತ್ತಾಗಿ ಒಂದು ಸಂಜೆ ಬಂದ್ರು. ಜಗಲಿ ಮೇಲೆ ಕೂತು ಕವಳ ಹಾಕ್ಕೊಂಡು, "ನಂಗೆ ಹೇಳಿದ್ರೆ ಒಂದು ದಿನದ ಕೆಲ್ಸ ಆಗಿತ್ತಲ್ಲ ತಂಗಿ" ಅಂದ್ರು. ಹೌದು, ಆಗಿತ್ತು. ನಂಗೆ ತಗುಲಿದ್ದು ಏಳು ಭಾನುವಾರ. ಆದ್ರೂ ನಾನೇ ಮಾಡ್ತೀನಿ ಅಂದಿದ್ದಕ್ಕೆ ಬೇಜಾರು ಮಾಡ್ಕೊಳ್ಳದೆ, "ಸರಿ ಹಂಗಾದ್ರೆ, ಕೈ ಹಾಕಲ್ಲ, ಬಾಯಿ ಮಾತ್ರ ಹಾಕ್ತೀನಿ" ಅಂದ್ರು. ಹಾಕಿದ್ರು ಕೂಡ. ಮೊದಲನೇದು ಎತ್ತರ. ಎಲ್ಲಾ ಕಡೆ ಟೇಬಲ್ ಅಂದ್ರೆ 30 ಇಂಚು ಅಂತ ಬರ್ದಿರುತ್ತಲ್ಲ, ನಾನೂ ಅದನ್ನೇ ಬರ್ಕೊಂಡಿದ್ದೆ. ಅವ್ರು ಅಮ್ಮನ್ನ ಕುರ್ಚಿಲಿ ಕೂರ್ಸಿ, ಎದುರಿಗೆ ಒಂದು ಹಲಗೆನ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡಿ, "ಹಪ್ಪಳ ಒತ್ತೋ ಥರ ಒತ್ತಿ ಅಮ್ಮಾ" ಅಂದ್ರು. 30ರಲ್ಲಿ ಅಮ್ಮನ ಭುಜ ಕಿವಿ ಹತ್ರ ಹೋಗ್ತಿತ್ತು. ಊಟ ಮಾಡೋ, ಬರೆಯೋ ಎತ್ತರ ಬೇರೆ, ಮೈಭಾರ ಬಿಟ್ಟು ಒತ್ತೋ ಎತ್ತರ ಬೇರೆ. 27ಕ್ಕೆ ನಿಂತಿತು. ಆ ಮೂರಿಂಚು ಯಾವ ಯೂಟ್ಯೂಬ್ ವಿಡಿಯೋದಲ್ಲೂ ಇರ್ಲಿಲ್ಲ.

ಎರಡನೇದು ನೀರು. ಇದ್ರಲ್ಲಿ ನಾನು ಪೂರ್ತಿ ತಪ್ಪು ತಿಳ್ಕೊಂಡಿದ್ದೆ. ಹೊರಗಿಡೋ ಟೇಬಲ್ ಅಂದ್ರೆ ನೀರು ತಾಗದ ಹಾಗೆ ಮಾಡ್ಬೇಕು ಅಂತ ನನ್ನ ತಲೇಲಿತ್ತು, ಒಳ್ಳೆ ವಾರ್ನಿಶ್ ಹೊಡೆದು ಸೀಲ್ ಮಾಡಿದ್ರಾಯ್ತು ಅಂತ. ನಮ್ಮನೆಯಿಂದ ಆಗುಂಬೆ ಹೆಚ್ಚು ದೂರ ಇಲ್ಲ, ಅಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುತ್ತೆ, ನಮ್ಗೆ ಅಷ್ಟಿಲ್ಲ ಅಂದ್ರೂ ಜೂನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಲೆ ಮೇಲೆ ಒಣಗಿಸೋ ಊರು. ಇಂಥ ಕಡೆ ನೀರು ತಡೆಯೋದು ಅನ್ನೋ ಮಾತೇ ಇಲ್ಲ. ಆಚಾರ್ರು ಕೂತಲ್ಲಿಂದಲೇ ನಮ್ಮನೆ ಜಗಲಿ ಕಂಬ ತೋರ್ಸಿದ್ರು. ಎಂಬತ್ತು ತೊಂಬತ್ತು ವರ್ಷದ ಕಂಬ, ನಾನು ಚಿಕ್ಕವಳಿದ್ದಾಗ ಅದನ್ನ ಹಿಡ್ಕೊಂಡು ಗಿರಗಿರ ಸುತ್ತಿದ್ದೀನಿ, ಆದ್ರೆ ಅದರ ಬುಡ ಯಾವತ್ತೂ ಗಮನಿಸಿರ್ಲಿಲ್ಲ. ಕಂಬ ನೆಲಕ್ಕೆ ತಾಗೇ ಇಲ್ಲ, ಕಲ್ಲಿನ ಮೇಲೆ ನಿಂತಿದೆ. ಆ ಕಲ್ಲೂ ಮೇಲೆ ಸಮತಟ್ಟಲ್ಲ, ಸುತ್ತ ಒಂಚೂರು ಇಳಿಜಾರು, ನೀರು ಬಿದ್ರೆ ಆಚೆ ಹೋಗ್ಬೇಕು. "ಬರೋ ನೀರಿಗೆ ಬರ್ಬೇಡ ಅನ್ನಕ್ಕಾಗಲ್ಲ ತಂಗಿ, ಹೋಗೋ ದಾರಿ ತೋರ್ಸ್ಬೇಕು, ನಿಂತ್ರೆ ಕೊಳಿಸ್ತದೆ" ಅಂದ್ರು. ಮರ ನೀರು ಕುಡಿಯೋದು ಹೆಚ್ಚಾಗಿ ಕೊಯ್ದ ತುದಿಯಿಂದ, ಹುಲ್ಲಿನ ಕಟ್ಟು ನೀರಿಗಿಟ್ಟ ಹಾಗೆ ಒಳಗಿನ ನಾಳಗಳೆಲ್ಲ ಬಾಯಿ ಬಿಟ್ಕೊಂಡಿರ್ತವೆ, ಟೇಬಲ್ ಕಾಲಿನ ಬುಡ ಅಂದ್ರೆ ಅದೇ ಬಾಯಿ, ಅದನ್ನ ಸೀದಾ ಒದ್ದೆ ಮಣ್ಣಿಗೆ ಒತ್ತಿ ನಿಲ್ಲಿಸಿದ್ರೆ ಒಂದು ಕಡೆ ನೀರು, ಇನ್ನೊಂದು ಕಡೆ ಗೆದ್ದಲು.

ಹಂಗಾಗಿ ಮೇಲಿನ ಹಲಗೆಗಳ ಮಧ್ಯ ಸಂದು ಬಿಡ್ಬೇಕು ಅಂತಾಯ್ತು. ಮಳೆಗಾಲದಲ್ಲಿ ನಮ್ಮನೆ ಬಚ್ಚಲ ಬಾಗಿಲು ಹಾಕೋಕಾಗಲ್ಲ, ಬೇಸಿಗೇಲಿ ಅದೇ ಬಾಗಿಲಿನ ಸಂದಲ್ಲಿ ಹಲ್ಲಿ ಓಡಾಡುತ್ತೆ, ಕಾರಣ ಇದೇ. ಮರ ಉದ್ದಕ್ಕೆ ಹಿಗ್ಗಲ್ಲ, ಅಗಲಕ್ಕೆ ಹಿಗ್ಗುತ್ತೆ. ಆರು ಹಲಗೆ ಒತ್ತೊತ್ತಾಗಿ ಹೊಡೆದ್ರೆ ಜುಲೈಯಲ್ಲಿ ಒಂದಕ್ಕೊಂದು ತಳ್ಳಾಡಿ ಸ್ಕ್ರೂನೇ ಕಿತ್ತು ಹಾಕ್ತವೆ. ಎಷ್ಟು ಸಂದು ಅಂದಿದ್ದಕ್ಕೆ ಆಚಾರ್ರು ಕಿವಿ ಮೇಲಿದ್ದ ಪೆನ್ಸಿಲ್ ತೆಗೆದು ಕೊಟ್ರು, ಇಷ್ಟು. ಎರಡು ಹಲಗೆ ಮಧ್ಯ ಪೆನ್ಸಿಲ್ ಇಟ್ಟು ಸ್ಕ್ರೂ ಹಾಕೋದು, ಪೆನ್ಸಿಲ್ ತೆಗೆದು ಮುಂದಿನ ಹಲಗೆಗೆ ಹೋಗೋದು. ಹಲಗೆಯ ತುದಿ ನೋಡಿದ್ರೆ ಬಳೆ ಬಳೆ ಗೆರೆ ಇರುತ್ತಲ್ಲ, ಅದು ಬಾಯಿ ಮೇಲೆ ಮಾಡಿದ ಬಟ್ಟಲಿನ ಹಾಗೆ ಬಾಗಿರ್ಬೇಕು, ಅಂದ್ರೆ ತಿರುಳಿನ ಕಡೆ ಮೈ ಮೇಲೆ ಬರ್ಬೇಕು ಅಂತ ಇನ್ನೊಂದು ಮಾತು. ಒಣಗ್ತಾ ಒಣಗ್ತಾ ಹಲಗೆಯ ತೊಗಟೆ ಕಡೆಯ ಮೈ ಹೆಚ್ಚು ಕುಗ್ಗಿ ಅತ್ಲಾಗೆ ತಗ್ಗಾಗುತ್ತಂತೆ, ಆ ಕಡೆ ಮೇಲೆ ಹಾಕಿದ್ರೆ ಆರು ಹಲಗೆ ಆರು ದೋಣಿ.

ಇದೆಲ್ಲ ಕೇಳಿ ನಾನು ತಲೆದೂಗ್ತಾ ಇದ್ರೆ ಅಮ್ಮ ಬಂದು ನೋಡಿ ಒಂದೇ ಮಾತು ಕೇಳಿದ್ರು. "ಅಲ್ವೇ ಮಾರಾಯ್ತಿ, ಇಷ್ಟು ದೊಡ್ಡ ಸಂದಿ ಬಿಟ್ರೆ ಮೆಣಸಿನ ಕಾಳೆಲ್ಲ ಕೆಳಗೆ ಬೀಳಲ್ವಾ?"

ಆಚಾರ್ರೂ ನಾನೂ ಮುಖ ಮುಖ ನೋಡ್ಕೊಂಡ್ವಿ. ಬೀಳುತ್ತೆ. ಮೆಣಸು ಬೀಳುತ್ತೆ, ಉದ್ದಿನಬೇಳೆ ಬೀಳುತ್ತೆ, ಹಪ್ಪಳದ ಹಿಟ್ಟು ಸಂದಿಗೆ ಹೊಕ್ರೆ ತೆಗೆಯೋಕೆ ಹಲ್ಲುಜ್ಜೋ ಬ್ರಷ್ಷೇ ಬೇಕು. ನೀರಿಗೆ ಬೇಕಾದ ದಾರಿ ಕಾಳಿಗೂ ದಾರಿನೇ. ಹಪ್ಪಳ ಹೇಗೂ ಮಣೆ ಇಟ್ಕೊಂಡೇ ಒತ್ತೋದಲ್ವಾ, ಮೆಣಸಿಗೆ ಮೊರ ಇದೆಯಲ್ವಾ ಅಂತ ನಾನು ವಾದ ಮಾಡಿದೆ. ಅಮ್ಮ "ನಿಂಗೆ ಹೆಂಗೆ ಬೇಕೋ ಹಂಗೆ ಮಾಡು" ಅಂದ್ರು. ಈ ಮಾತಿನ ಅರ್ಥ ಕನ್ನಡ ಗೊತ್ತಿರೋ ಎಲ್ಲಾ ಮಕ್ಕಳಿಗೂ ಗೊತ್ತು.

ಸ್ಕ್ರೂ ವಿಷ್ಯ ಹೇಳ್ಲೇಬೇಕು, ಯಾಕಂದ್ರೆ ದುಡ್ಡು ಉಳಿಸೋಕೆ ಹೋಗಿ ಎರಡು ಭಾನುವಾರ ಕಳ್ಕೊಂಡಿದ್ದು ಅಲ್ಲೇ. ಮನೇಲಿ ಕಪ್ಪು ಸ್ಕ್ರೂ ಒಂದು ಡಬ್ಬಿ ಇತ್ತು, ಜಿಪ್ಸಮ್ ಬೋರ್ಡಿಗೆ ಹಾಕೋವು, ಸೀಲಿಂಗ್ ಮಾಡಿಸಿದಾಗ ಉಳಿದಿದ್ದು. ಒಣಗಿದ ಅಕೇಶಿಯಾಕ್ಕೆ ಅದನ್ನ ಸೀದಾ ಡ್ರಿಲ್ಲಲ್ಲಿ ಒತ್ತಿದೆ. ಅರ್ಧ ಇಳೀತು, ಕಿರ್ ಅಂತು, ಟಪ್ ಅಂತ ತಲೆ ಹಾರಿ ನನ್ನ ಕನ್ನಡಕಕ್ಕೆ ಬಡೀತು. ಕನ್ನಡಕ ಇತ್ತಲ್ಲ, ಪುಣ್ಯ. ಮೂರು ಸ್ಕ್ರೂ ಹೀಗೇ ಮುರಿದು ಒಳಗೇ ಉಳ್ಕೊಂಡವು, ಅವನ್ನ ತೆಗೆಯೋಕೆ ಹೋಗಿ ಒಂದು ಹಲಗೆ ಹಾಳಾಯ್ತು. ಗಟ್ಟಿ ಮರಕ್ಕೆ ಮೊದಲು ಸ್ಕ್ರೂಗಿಂತ ಸಣ್ಣ ಬಿಟ್ಟಲ್ಲಿ ತೂತು ಹೊಡ್ಕೊಂಡು, ಸ್ಕ್ರೂ ತುದಿಗೆ ಒಂಚೂರು ಸೋಪು ಉಜ್ಕೊಂಡು ಹಾಕ್ಬೇಕು, ಅಷ್ಟೇ. ಅದು ಗೊತ್ತಾಗೋಷ್ಟ್ರಲ್ಲಿ ಒಂದು ಬೇಸಿಗೆ ಮಳೆ ಬಂತು, ಮಾರ್ಚಲ್ಲೇ, ಒಂದು ಅರ್ಧ ಗಂಟೆ. ಬೆಳಗ್ಗೆ ನೋಡಿದ್ರೆ ಪ್ರತಿ ಸ್ಕ್ರೂ ಸುತ್ತ ಕಪ್ಪು ಕಪ್ಪು ಕಲೆ, ಇಂಕು ಚೆಲ್ಲಿದ ಹಾಗೆ. ನಾನು ಬೂಷ್ಟು ಅಂದ್ಕೊಂಡೆ. ಅಮ್ಮ ಬೆರಳಲ್ಲಿ ಉಜ್ಜಿ ನೋಡಿ, "ಬಾಳೆಕಾಯಿ ಹೆಚ್ಚಿದ್ರೆ ಮೆಟ್ಟುಕತ್ತಿ ಕಪ್ಪಾಗಲ್ವಾ, ಹಂಗೇ ಇದು, ಮರದ ಒಗರು" ಅಂದ್ರು.

ಸರಿಯಾಗಿಯೇ ಹೇಳಿದ್ರು. ಮರದಲ್ಲಿರೋ ಒಗರು, ಟ್ಯಾನಿನ್ ಅಂತಾರಲ್ಲ ಅದು, ನೀರು ಮತ್ತೆ ಕಬ್ಬಿಣ ಸಿಕ್ಕಿದ್ರೆ ಕಪ್ಪಾಗುತ್ತೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರ್ಸಿ ಹಿಂದಿನೋರು ಶಾಯಿ ಮಾಡ್ತಿದ್ದಿದ್ದು ಇದೇ ಸೂತ್ರದಲ್ಲಿ, ನಾನು ಗೊತ್ತಿಲ್ದೇ ಟೇಬಲ್ ಮೇಲೆ ಶಾಯಿ ಕಾರ್ಖಾನೆ ಹಾಕಿದ್ದೆ. ಎಲ್ಲಾ ಬಿಚ್ಚಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತಂದು ಹಾಕಿದೆ, ಕಲೆಗೆ ನಿಂಬೆಹಣ್ಣು ಉಜ್ಜಿದ್ರೆ ಸ್ವಲ್ಪ ತಿಳಿಯಾಯ್ತು, ಪೂರ್ತಿ ಹೋಗಿಲ್ಲ. ಈಗ ಟೇಬಲ್ ಮೇಲೆ ಎರಡು ಸಾಲು ದೃಷ್ಟಿಬೊಟ್ಟು ಇದೆ.

ಕಾಲಿನ ಕೆಲ್ಸ ನಂಗೆ ಇಷ್ಟ ಆಯ್ತು. ಪಟ್ಟಿ ಕೂರೋಕೆ ಕಾಲಿನ ತಲೇಲಿ ಕಚ್ಚು ತೆಗೀಬೇಕು, ಗರಗಸದಲ್ಲಿ ಎರಡು ಕೊಯ್ತ, ಆಮೇಲೆ ಉಳಿ ಇಟ್ಟು ಕೊಡತಿಯಲ್ಲಿ ಮೆಲ್ಲಗೆ. ಅಕೇಶಿಯಾದ ಎಳೆ ಒಂದೇ ದಿಕ್ಕಿಗಿರಲ್ಲ, ಇಲ್ಲಿ ಹಿಂಗೆ ಅಲ್ಲಿ ಹಂಗೆ, ಒಂದು ಕಡೆಯಿಂದ ಬೆಣ್ಣೆ ಥರ ಬರೋ ಚಕ್ಕೆ ಎರಡು ಇಂಚು ಮುಂದೆ ಹೋದ್ರೆ ಸಿಡಿದು ಗುಂಡಿ ಬೀಳುತ್ತೆ. ಆಗ ಉಳಿ ತಿರುಗಿಸ್ಕೊಂಡು ಆ ಕಡೆಯಿಂದ ಬರ್ಬೇಕು. ಮೊದಲನೇ ಕಚ್ಚಿಗೆ ಮೂರು ಗಂಟೆ, ನಾಲ್ಕನೇದಕ್ಕೆ ನಲವತ್ತು ನಿಮಿಷ. ಪಟ್ಟಿ ಒಳಗೆ ಕೂತಾಗ ಟಕ್ ಅಂತ ಒಂದು ಸದ್ದು ಬರುತ್ತೆ ನೋಡಿ, ಆ ಸದ್ದಿಗೆ ನಾನು ಒಬ್ಬಳೇ ನಕ್ಕಿದ್ದೀನಿ. ಸೇರ್ಸೋಕೆ ಮುಂಚೆ ಕಚ್ಚಿನ ಒಳಮೈಗೂ ಎಣ್ಣೆ ಹಚ್ಚು, ಆಮೇಲೆ ಅಲ್ಲಿಗೆ ಯಾರ ಕೈಯೂ ಹೋಗಲ್ಲ ಅಂತ ಆಚಾರ್ರು ಅಂದಿದ್ರು, ಹಚ್ಚಿದೆ.

ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ್ರೆ ಟೇಬಲ್ಲು ಕುಂಟ್ತಾ ಇದೆ. ಎರಡು ಬೆಕ್ಕಿಗೆ ಬೆಣ್ಣೆ ಪಾಲು ಮಾಡೋಕೆ ಕೂತ ಮಂಗನ ಕಥೆ ಎಲ್ರಿಗೂ ಗೊತ್ತಲ್ಲ, ನಂಗೂ ಗೊತ್ತು, ಆದ್ರೂ ಗರಗಸ ತಗೊಂಡೆ. ಈ ಕಾಲಿಂದ ಒಂದು ದಾರದಷ್ಟು ತೆಗೆದೆ. ಈಗ ಆ ಕಾಲು ಉದ್ದ. ಅದ್ರಿಂದ ಒಂದು ದಾರ. ಮತ್ತೆ ಇದು. ನಾಲ್ಕನೇ ರೌಂಡಲ್ಲಿ ಅಪ್ಪ ಬಂದ್ರು, ಟೇಬಲ್ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಾಲು ಅಳೆಯೋ ಬದಲು ಅಂಗಳಕ್ಕೆ ಒಂದು ಚೊಂಬು ನೀರು ಸುರಿದ್ರು. ನೀರು ಸರ್ರನೆ ತೋಟದ ಕಡೆ ಓಡ್ತು. ಅಂಗಳವೇ ಇಳಿಜಾರು, ಅಲ್ಲಲ್ಲಿ ಗುಂಡಿ ಬೇರೆ, ಮಳೆ ನೀರು ಹೋಗ್ಲಿ ಅಂತ ಅಜ್ಜ ಮಾಡಿಸಿದ್ದು. ಒಳಗೆ ತಂದು ಗ್ರಾನೈಟ್ ನೆಲದ ಮೇಲೆ ಇಟ್ಟು ನೋಡಿದ್ರೆ ಮೊದಲು ಸರಿಯಾಗೇ ಇದ್ದಿರ್ಬೇಕು, ನಾನು ಕೊಯ್ದು ಕೊಯ್ದು ನಿಜವಾಗಿ ಕುಂಟು ಮಾಡಿದ್ದೆ. ಆಮೇಲೆ ಮಟ್ಟಗೋಲು ಇಟ್ಟು, ಎಲ್ಲಕ್ಕಿಂತ ಗಿಡ್ಡ ಕಾಲಿನ ಸಮಕ್ಕೆ ಉಳಿದವನ್ನ ತಂದು, ಅಂಗಳದಲ್ಲಿ ನಾಲ್ಕು ಚಪ್ಪಡಿ ಕಲ್ಲನ್ನ ಮಣ್ಣು ಕೊಟ್ಟು ಮಟ್ಟ ಮಾಡಿ ಅದರ ಮೇಲೆ ನಿಲ್ಲಿಸಿದ್ದು. 27 ಇಂಚು ಅಂತ ಅಷ್ಟು ನಾಜೂಕಾಗಿ ಲೆಕ್ಕ ಹಾಕಿದ್ದು ಈಗ 26 ಮುಕ್ಕಾಲು. ಅಮ್ಮಂಗೆ ಹೇಳಿಲ್ಲ.

ಎಣ್ಣೆ ಬಗ್ಗೆ ಜಾಸ್ತಿ ಬರೆಯಲ್ಲ. ವಾರ್ನಿಶ್ ಬಿಟ್ಟೆ, ಬಿಸಿಲಿಗೆ ಅದು ಸೀಳಿ ಸಂದಲ್ಲಿ ನೀರು ಹೊಕ್ರೆ ಆಚೆ ಬರೋಕೆ ದಾರಿ ಇರಲ್ಲ. ಅಗಸೆ ಎಣ್ಣೆ ತೆಳ್ಳಗೆ ಮೂರು ಸಲ ಬಟ್ಟೇಲಿ ಉಜ್ಜಿದೆ. ಎಣ್ಣೆ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ ದಯವಿಟ್ಟು, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತೆ, ಮುದ್ದೆಯಾಗಿದ್ರೆ ತಾನಾಗೇ ಬೆಂಕಿ ಹತ್ತೋದುಂಟು, ಬಿಡಿಸಿ ತಂತಿ ಮೇಲೆ ಒಣಗಿಸಿ. ಕಾಲಿನ ಬುಡಕ್ಕೆ ಮಾತ್ರ ಗೇರೆಣ್ಣೆ, ಗೇರುಬೀಜದ ಸಿಪ್ಪೆಯಿಂದ ತೆಗೆಯೋದು, ಗೆದ್ದಲು ಹತ್ರ ಸುಳಿಯಲ್ಲ, ಆದ್ರೆ ಕೈಗೆ ತಾಗಿದ್ರೆ ಬೊಬ್ಬೆ ಏಳುತ್ತೆ, ನಂಗೆ ಗ್ಲೌಸ್ ಹಾಕಿದ್ರೂ ಮೊಣಕೈ ಹತ್ರ ಒಂದು ಎದ್ದಿತ್ತು. ಅಗಸೆ ಎಣ್ಣೆಗೆ ಮಳೆಗಾಲದಲ್ಲಿ ಬೂಷ್ಟು ಬರುತ್ತೆ ಅಂತ ಗೊತ್ತಿದ್ದೇ ಹಚ್ಚಿದ್ದು, ನಮ್ಮೂರಲ್ಲಿ ಚಪ್ಪಲಿ, ಬೆಲ್ಟು, ದೇವ್ರ ಫೋಟೋ ಯಾವುದಕ್ಕೂ ಬೂಷ್ಟು ಬರ್ದೇ ಇರಲ್ಲ, ಇದೊಂದು ಹೆಚ್ಚಲ್ಲ.

ಈ ವರ್ಷದ ಹಪ್ಪಳ ಆ ಟೇಬಲ್ ಮೇಲೇ ಆಯ್ತು. ಅಮ್ಮ ಕುರ್ಚಿಲಿ ಕೂತು, ಹಲಸಿನ ಮಣೆ ಇಟ್ಕೊಂಡು, ಬೇಯಿಸಿ ಕುಟ್ಟಿದ ಸೊಳೆ ಉಂಡೆನ ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ ಮಧ್ಯ ಇಟ್ಟು ಇನ್ನೊಂದು ಮಣೇಲಿ ಒತ್ತೋದು. ಮೊದಲ ಹಪ್ಪಳಕ್ಕೆ ನಾನು ಟೇಬಲ್ ಕಾಲನ್ನೇ ನೋಡ್ತಾ ಇದ್ದೆ. ಅಲ್ಲಾಡ್ಲಿಲ್ಲ. ಇನ್ನೂರು ದಾಟಿದ್ರು. ಎತ್ತರ ಸರಿ ಇದೆಯಾ ಅಂತ ಕೇಳಿದ್ದಕ್ಕೆ "ಒಂದು ಕಾಲಿಂಚು ಮೇಲಿದ್ರೆ ಇನ್ನೂ ಚೆನ್ನಾಗಿರ್ತಿತ್ತೇನೋ" ಅಂದ್ರು. ಯಾರಾದ್ರೂ ಹೇಳಿದ್ರಾ ಅಂತ ಅಪ್ಪನ ಮುಖ ನೋಡಿದೆ, ಅಪ್ಪ ಪೇಪರ್ ಓದ್ತಾ ಇದ್ರು.

ಈಗ ಜೂನು. ಮೊದಲನೇ ದೊಡ್ಡ ಮಳೆ ಬಂದ ರಾತ್ರಿ ನಾನು ಟಾರ್ಚ್ ಹಿಡ್ಕೊಂಡು ಜಗಲಿಗೆ ಬಂದೆ, ನನ್ನ ಐದೂ ಸಂದಲ್ಲಿ ನೀರು ಹೇಗೆ ಇಳಿಯುತ್ತೆ ಅಂತ ಒಂದ್ಸಲ ಕಣ್ಣಾರೆ ನೋಡ್ಬೇಕಿತ್ತು. ಟೇಬಲ್ ಕಾಣಿಸ್ಲಿಲ್ಲ. ಮೇಲೆ ನೀಲಿ ಟಾರ್ಪಾಲು, ಅಡಿಕೆ ಮುಚ್ಚೋದು, ನಾಲ್ಕೂ ಕಾಲಿಗೆ ಬಾಳೆನಾರಲ್ಲಿ ಬಿಗಿಯಾಗಿ ಕಟ್ಟಿತ್ತು. ನಡುವೆ ಜಗ್ಗಿದ ಕಡೆ ಒಂದು ಕೊಡ ನೀರು ನಿಂತು ಟಾರ್ಚಿಗೆ ಹೊಳೀತಾ ಇತ್ತು. ಹಿಂದೆಯಿಂದ ಅಮ್ಮ, "ಅಷ್ಟು ಕಷ್ಟಪಟ್ಟು ಮಾಡಿದ್ದೀಯ, ನೆನೆಯೋಕೆ ಬಿಡ್ತಾರೇನೇ?" ಅಂದ್ರು.